ಗಿಣಿಯ ಕಣ್ಣು

ತೀರ್ಥಹಳ್ಳಿ
12-9-1966

ಸತ್ಯಭಾಮೆಗೆ ಕಾಮಾಕ್ಷಮ್ಮನ ಆಶೀರ್ವಾದಗಳು.

ನನ್ನ ಕಾಗದ ನೋಡಿ ನಿನಗೆ ಆಶ್ಚರ್ಯವಾಗಬಹುದು. ಹೊಸನಗರದ ಒಂದೇ ಕೇರಿಯಲ್ಲಿ, ಒಂದೇ ಬಾವಿಯ ನೀರು ಕುಡಿದು ಬೆಳೆದವರು ನಾವು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಸಂಸಾರ ಅಂದರೆ ಹಾಗೇ.

ವಿಷಯ ಏನೆಂದರೆ, ನನ್ನ ಹಿರಿಯ ಮಗನ ಮಗ ವಿಘ್ನೇಶ್ವರ ಶಿವಮೊಗ್ಗೆಯ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಅವನಿಗೆ ಹೆಣ್ಣು ನೋಡುತ್ತಿದ್ದೇವೆ. ನಿನ್ನ ಮೊಮ್ಮಗಳು ವಾಗ್ದೇವಿಯ ಜಾತಕ ಚೆನ್ನಾಗಿ ಕೂಡಿಬಂದಿದೆ. ಹುಡುಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳಂತೆ. ಇರಲಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ.

ನಮ್ಮ ಮನೆತನದ ಪದ್ಧತಿ ನಿನಗೆ ಗೊತ್ತು. ಹುಡುಗಿ ಹಾಡದಿದ್ದರೂ ನಡೆಯುತ್ತದೆ, ಬಣ್ಣ ಒಂದು ಮಟ್ಟ ಕಮ್ಮಿಯಾದರೂ ನಡೆಯುತ್ತದೆ. ಕೈಕೆಲಸ ನೋಡದೆ ಮಾತ್ರ ಸೊಸೆಯನ್ನು ತರುವುದಿಲ್ಲ. ನಾನೇ ಈ ಮನೆಗೆ ಬಂದದ್ದು ಆ ಉಲ್ಲನ್ ದಾರದ ಗಿಣಿಜೋಡಿಯಿಂದಲ್ಲವೆ? ಈಗಲೂ ಅದು ಹೊರಗಿನ ಕೋಣೆಯ ಗೋಡೆಯಲ್ಲಿ ಗಾಜಿನೊಳಗೆ ಇದೆ. ಬಂದವರೆಲ್ಲ ಯಾರ ಕೆಲಸ ಎಂದು ಕೇಳುತ್ತಾರೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡ. ನೀನು ಶಾಲೆಯಲ್ಲಿ ಹೊಲಿಗೆ ಕಲಿಸಿದವಳು. ಮೊಮ್ಮಗಳ ಪರವಾಗಿ ನೀನೇ ಹೊಲಿದುಬಿಟ್ಟೀಯ ಎಂದು ಮನೆಯಲ್ಲಿ ಮಾತು ಬಂತು. ಮದುವೆಗೆ ನಿಂತ ಹುಡುಗಿ ತೋರಿಸುವ ವಸ್ತುವಿಗೆ ಗಂಡ ಇಲ್ಲದವಳ ಕೈ ತಾಗುವುದು ಶುಭವಲ್ಲ.

ಕಾಮಾಕ್ಷಮ್ಮ


ಸಾಗರ
19-9-1966

ಸೌಭಾಗ್ಯವತಿ ಕಾಮಾಕ್ಷಮ್ಮನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಕೊನೆಯ ಭಾಗವನ್ನು ಮೂರು ಸಲ. ನಿನ್ನ ಅಕ್ಷರ ಇನ್ನೂ ಹಾಗೇ ದುಂಡಗಿದೆ.

ಸಂಬಂಧ ನಮಗೂ ಒಪ್ಪಿಗೆ. ಹೆಣ್ಣು ನೋಡುವುದಕ್ಕೆಂದು ಬಂದು ಉಪ್ಪಿಟ್ಟು ತಿಂದು ಓಡುವ ಕ್ರಮ ಬೇಡ. ದಸರೆಗೆ ಎಲ್ಲರೂ ಬನ್ನಿ. ಅಕ್ಟೋಬರ್ ಇಪ್ಪತ್ತೊಂದು ಶುಕ್ರವಾರ ಬಂದರೆ ಭಾನುವಾರದ ತನಕ ಇರಬಹುದು. ನನ್ನ ಮಗ ಕರೆಂಟ್ ಆಫೀಸಿನಲ್ಲಿ ಹೆಡ್ ಕ್ಲಾರ್ಕು. ಅವನು ಒಂದು ವ್ಯಾನು ಗೊತ್ತುಮಾಡುತ್ತಾನೆ. ಶನಿವಾರ ಜೋಗ ನೋಡಿ, ಲಿಂಗನಮಕ್ಕಿಯ ಅಣೆಕಟ್ಟು ನೋಡಿ ಬರೋಣ. ಮಕ್ಕಳು ತಮ್ಮತಮ್ಮೊಳಗೆ ನಾಲ್ಕು ಮಾತಾಡಿದಂತೆಯೂ ಆಯಿತು.

ನಮ್ಮ ಮನೆಯಲ್ಲಿ ಆಯುಧಪೂಜೆಗೆ ಸೂಜಿ, ಕತ್ತರಿ, ಉಲ್ಲನ್ನು ದೇವರ ಮುಂದಿಡುತ್ತೇವೆ. ಮರುದಿನ ವಿಜಯದಶಮಿಯ ಬೆಳಿಗ್ಗೆ ಮನೆಯಲ್ಲಿರುವ ಹಿರಿಯ ಮುತ್ತೈದೆ ಸೂಜಿ ಎತ್ತಿ ಮೊದಲ ಹೊಲಿಗೆ ಹಾಕಬೇಕು. ನನಗೆ ಆ ಯೋಗವಿಲ್ಲ ಎಂದು ನೀನೇ ನೆನಪುಮಾಡಿದ್ದೀಯ. ಈ ಸಲ ನೀನು ಹಾಕು. ಅಂಥ ಗಿಣಿಗಳನ್ನು ಹೊಲಿದ ಕೈ ನಮ್ಮ ಮನೆಯ ಬಟ್ಟೆಗೆ ತಾಗಲಿ.

ಬರುವಾಗ ಆ ಗಿಣಿಜೋಡಿಯನ್ನೂ ತಾ. ವಾಗ್ದೇವಿ ನೋಡಿ ಕಲಿಯಲಿ.

ಸತ್ಯಭಾಮಾ


ಸಾಗರ
20-9-1966

ಕಾಮಾಕ್ಷಿ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಬರೆದು ಹೊಲಿಗೆ ಡಬ್ಬದ ತಳದಲ್ಲಿ ಇಡುತ್ತೇನೆ. ನಿನ್ನೆ ಬರೆದ ಸಕ್ಕರೆಯ ಕಾಗದ ಬಾಯಲ್ಲಿ ಹಾಗೇ ಉಳಿದಿದೆ, ಒಮ್ಮೆ ಉಗುಳಬೇಕು.

ನಲವತ್ನಾಲ್ಕು ವರ್ಷ. ಆ ದಿನ ತೀರ್ಥಹಳ್ಳಿಯವರು ಬೆಳಿಗ್ಗೆ ನಿನ್ನನ್ನೂ ಸಂಜೆ ನನ್ನನ್ನೂ ನೋಡುವುದೆಂದು ಗೊತ್ತಾಗಿತ್ತು. ಹೆಣ್ಣು ನೋಡಲು ಬರುವಾಗ ಕೇರಿಯಲ್ಲಿ ಒಬ್ಬರಿಗೊಬ್ಬರು ಸಾಮಾನು ಕೊಡುವುದು ಇದ್ದದ್ದೇ. ಒಬ್ಬರ ಮನೆಯ ಜಮಖಾನ, ಇನ್ನೊಬ್ಬರ ಮನೆಯ ಬೆಳ್ಳಿಯ ಕುಂಕುಮದ ಭರಣಿ. ನಿನ್ನ ಅಮ್ಮ ಬಂದು, "ನಮ್ಮನೆ ಗೋಡೆ ಬಿರುಕು ಬಿಟ್ಟಿದ್ದು, ಸತ್ಯಭಾಮೆಯ ಗಿಣಿ ಕೊಡಿ, ಮಧ್ಯಾಹ್ನಕ್ಕೇ ತಂದುಕೊಡ್ತಿ" ಅಂದರು. ನನ್ನ ಅಮ್ಮ ಕೊಟ್ಟಳು. ಆರು ತಿಂಗಳು ಎಣಿಸಿ ಎಣಿಸಿ ಹಾಕಿದ ಹೊಲಿಗೆ ಅದು.

ನೀನು ಅದನ್ನು ಕೈಯಲ್ಲಿ ಹಿಡಿದು ನಿನ್ನದೆಂದು ತೋರಿಸಿದೆ. ಹುಡುಗನ ತಾಯಿ ಅಲ್ಲೇ ತಾಂಬೂಲ ಬದಲಾಯಿಸಿದರು. ಸಂಜೆ ನಮ್ಮ ಮನೆಗೆ ಯಾರೂ ಬರಲಿಲ್ಲ. ಅಮ್ಮ ಮಾಡಿದ ಕೇಸರಿಬಾತು ತಣ್ಣಗಾಯಿತು. ನಾನು ಬಾಯಿಬಿಟ್ಟು ಹೇಳಹೊರಟರೆ ಅಪ್ಪ, "ನಿಶ್ಚಯ ಆದ ಮದುವೆ ಕೆಡಿಸಿದ ಪಾಪ ನಮಗೆ ಬೇಡ, ಸುಮ್ಮನಿರು" ಅಂದರು. ಸುಮ್ಮನಾದೆ. ಗಿಣಿಗಳೂ ವಾಪಸು ಬರಲಿಲ್ಲ, ನಿನ್ನ ಜೊತೆ ದಿಬ್ಬಣದಲ್ಲಿ ಹೋದವು. ನನಗೆ ಸಿಕ್ಕಿದ್ದು ಎರಡನೇ ಮದುವೆಯ ಮುದುಕ. ಎಂಟು ವರ್ಷಕ್ಕೆ ಅವರು ಹೋದರು. ಹೊಸನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ಮಗನನ್ನು ಸಾಕಿದೆ.

ಈಗ ನನ್ನ ಕೈ ಅಶುಭ. ಆದರೆ ನನ್ನ ಕೈ ಹೊಲಿದದ್ದು ನಿನ್ನ ಗೋಡೆಯಲ್ಲಿ ಇರಬಹುದು!

ಒಂದು ಸಂಗತಿ ನೀನು ಮರೆತಿದ್ದೀಯ. ನಾನು ಎಡಚಿ. ಉಣ್ಣುವುದಕ್ಕೂ ಬರೆಯುವುದಕ್ಕೂ ಹೊಡೆದು ಬಡಿದು ಬಲಗೈ ಮಾಡಿಸಿದರು, ಸೂಜಿ ಮಾತ್ರ ಎಡಗೈಯಲ್ಲೇ ಉಳಿಯಿತು. ಕ್ರಾಸ್ ಹೊಲಿಗೆಯಲ್ಲಿ ಎರಡು ಎಳೆ ಒಂದರ ಮೇಲೊಂದು ಬರುತ್ತವೆ. ಎಲ್ಲರದರಲ್ಲಿ ಮೇಲಿನ ಎಳೆ ಬಲಕ್ಕೆ ವಾಲುತ್ತದೆ, ನನ್ನದರಲ್ಲಿ ಎಡಕ್ಕೆ. ಮೂವತ್ತು ವರ್ಷದ ಮೇಷ್ಟರಿಕೆಯಲ್ಲಿ ಇನ್ನೊಂದು ಅಂಥ ಕೈ ನಾನು ನೋಡಲಿಲ್ಲ.

ಇವತ್ತಿನಿಂದ ಅದೇ ಗಿಣಿಜೋಡಿಯನ್ನು ಮತ್ತೆ ಹೊಲಿಯುತ್ತೇನೆ. ಆಗ ಆರು ತಿಂಗಳು ಹಿಡಿಯಿತು, ಪಳಗಿದ ಕೈಗೆ ಈಗ ಒಂದು ತಿಂಗಳು ಸಾಕು. ಒಂದು ಗಿಣಿಯ ಕಣ್ಣನ್ನು ಮಾತ್ರ ಹೊಲಿಯದೆ ಬಿಡುತ್ತೇನೆ. ಅದನ್ನು ನೀನು ಹಾಕುತ್ತೀಯ, ನಿನ್ನ ಗಂಡನ ಎದುರಿಗೆ, ಮಕ್ಕಳ ಎದುರಿಗೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ನಾನು ಕುಡಿಸುತ್ತೇನೆ.


ತೀರ್ಥಹಳ್ಳಿ
30-9-1966

ಸತ್ಯಭಾಮೆಗೆ ಆಶೀರ್ವಾದಗಳು.

ದಸರೆಗೆ ಬರುತ್ತೇವೆ. ನಾನು, ನಮ್ಮನೆಯವರು, ಮಗ ಸೊಸೆ, ವಿಘ್ನೇಶ್ವರ, ಒಟ್ಟು ಐದು ಜನ. ಜೋಗ ನೋಡಬೇಕೆಂದು ವಿಘ್ನೇಶ್ವರನಿಗೆ ಬಹಳ ಆಸೆ.

ಗಿಣಿಜೋಡಿ ತರುವುದು ಕಷ್ಟ. ದೊಡ್ಡ ಫ್ರೇಮು, ಬಸ್ಸಿನ ಕುಲುಕಾಟಕ್ಕೆ ಗಾಜು ಒಡೆದೀತು. ಅದನ್ನು ಗೋಡೆಯಿಂದ ಇಳಿಸುವುದು ನಮ್ಮನೆಯವರಿಗೂ ಸೇರುವುದಿಲ್ಲ. ಸೂಜಿ ಎತ್ತುವ ಶಾಸ್ತ್ರವನ್ನೂ ಬೇರೆ ಯಾರಿಂದಾದರೂ ಮಾಡಿಸು. ನನ್ನ ಕಣ್ಣು ಈಗ ಮೊದಲಿನ ಹಾಗಿಲ್ಲ, ಸೂಜಿ ಹಿಡಿದು ಎಷ್ಟೋ ವರ್ಷವಾಯಿತು.

ನಿನ್ನ ಆರೋಗ್ಯ ಹೇಗಿದೆ? ಹಿಂದಿನ ಕಾಗದದಲ್ಲಿ ಏನಾದರೂ ಹೆಚ್ಚುಕಮ್ಮಿ ಬರೆದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಕಾಮಾಕ್ಷಮ್ಮ


ಸಾಗರ
8-10-1966

ಸೌಭಾಗ್ಯವತಿ ಕಾಮಾಕ್ಷಮ್ಮನಿಗೆ,

ಕಣ್ಣಿನ ಚಿಂತೆ ಬೇಡ. ದಪ್ಪ ಉಲ್ಲನ್ನು, ದೊಡ್ಡ ಕಣ್ಣಿನ ಸೂಜಿ ಇಟ್ಟಿದ್ದೇನೆ. ಕುರುಡಿಯೂ ಪೋಣಿಸಬಹುದು.

ಫ್ರೇಮಿನ ವಿಷಯ ನಿಮ್ಮನೆಯವರಿಗೇ ಬರೆಯುವಂತೆ ನನ್ನ ಮಗನಿಗೆ ಹೇಳಿದ್ದೆ. ನಿನ್ನೆ ಉತ್ತರ ಬಂತು. ಬಸ್ಸಿನಲ್ಲಿ ತಾವೇ ತೊಡೆಯ ಮೇಲೆ ಇಟ್ಟುಕೊಂಡು ತರುತ್ತಾರಂತೆ. ಪಾಪ, ಹೆಂಡತಿಯ ಕೈಕೆಲಸದ ಮೇಲೆ ಎಷ್ಟು ಅಭಿಮಾನ! ನೀನು ಪುಣ್ಯವಂತೆ.

ಸತ್ಯಭಾಮಾ


ತೀರ್ಥಹಳ್ಳಿ
25-10-1966

ಸತ್ಯಭಾಮಾ,

ಸುಖವಾಗಿ ತಲುಪಿದೆವು ಎಂದು ಬರೆಯುವ ಮನಸ್ಸಿಲ್ಲ. ಸಾಗರದಿಂದ ತೀರ್ಥಹಳ್ಳಿಯ ತನಕ ಬಸ್ಸಿನಲ್ಲಿ ಒಬ್ಬರೂ ನನ್ನ ಜೊತೆ ಮಾತಾಡಲಿಲ್ಲ. ಹೊಸನಗರದ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯಲು ಎಲ್ಲರೂ ಇಳಿದರು, ನನ್ನನ್ನು ಯಾರೂ ಕರೆಯಲಿಲ್ಲ. ನಾವು ಹುಟ್ಟಿದ ಊರಿನಲ್ಲಿ, ಬಸ್ಸಿನೊಳಗೆ ಒಬ್ಬಳೇ ಕೂತಿದ್ದೆ.

ಮನೆಗೆ ಕರೆದು ಹೋಳಿಗೆ ಬಡಿಸಿ ಹೀಗೆ ಮಾಡುವುದೆ? ಆ ಹುಡುಗಿಯ ಬಾಯಲ್ಲಿ ಆ ಮಾತು ಆಡಿಸಿದವಳು ನೀನೇ. ಅವಳಾಗಿ ಹೇಳಿದ್ದೆಂದು ನನ್ನನ್ನು ನಂಬಿಸಬೇಡ.

ಶನಿವಾರವೇ ನನಗೆ ಸಂಶಯ ಬರಬೇಕಿತ್ತು. ಜೋಗದಲ್ಲಿ ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ ನೀನು ಮಾತ್ರ ಕಟಕಟೆಯ ಹತ್ತಿರ ನಿಂತಿದ್ದೆ. ನಮ್ಮನೆಯವರು ಎದ್ದು ಬಂದು ನಿನ್ನ ಪಕ್ಕ ನಿಂತರು. ಏನೋ ಹೇಳಿದರು, ನೀನು ತಲೆಯಾಡಿಸಿದೆ. ಚಿತ್ರಾನ್ನ ಕಲಸುತ್ತ ನಾನು ನೋಡುತ್ತಲೇ ಇದ್ದೆ. ಲಿಂಗನಮಕ್ಕಿಯಲ್ಲಿ ಆ ನೀರು ತುಂಬಿ ನಿಂತದ್ದನ್ನು ಎಲ್ಲರೂ ಹಾಡಿ ಹೊಗಳಿದರು, ನನಗೆ ಒಂದೂ ಕಣ್ಣಿಗೆ ಬೀಳಲಿಲ್ಲ.

ಅವರು ನಿನಗೆ ಏನು ಹೇಳಿದರು?

ಕಾಮಾಕ್ಷಮ್ಮ


ಸಾಗರ
1-11-1966

ಕಾಮಾಕ್ಷಿಗೆ,

ವಾಗ್ದೇವಿಗೆ ನಾನು ಹೇಳಿಕೊಟ್ಟದ್ದು ಅರ್ಧ. "ಅಜ್ಜಿ ಹೊಲಿದದ್ದು ಎಂದು ನಿಜ ಹೇಳು" ಎಂದಿದ್ದೆ, ಅಷ್ಟೇ. ಉಳಿದರ್ಧ ಅವಳದೇ. ನಿನಗೆ ಮರೆತುಹೋಗಿರಲಿಕ್ಕಿಲ್ಲ, ಆದರೂ ಬರೆಯುತ್ತೇನೆ. ಬರೆಯುವುದಕ್ಕೆ ನನಗೆ ಸುಖವಾಗುತ್ತದೆ. ಭಾನುವಾರ ಬೆಳಿಗ್ಗೆ ಕೈಕೆಲಸ ತೋರಿಸು ಎಂದಾಗ ಅವಳು ನನ್ನ ಹೊಸ ಗಿಣಿಜೋಡಿಯನ್ನು ತಂದು ನಿಮ್ಮೆಲ್ಲರ ಮುಂದೆ ಹರಡಿದಳು.

"ಇದು ಎನ್ನ ಅಜ್ಜಿ ಹೊಲಿದಿದ್ದು. ಎನಗೆ ಸೂಜಿಗೆ ದಾರ ಪೋಣಿಸಲೂ ಬತ್ತಿಲ್ಲೆ. ಬೇರೆಯವ್ರ ಕೈಕೆಲಸ ತೋರ್ಸಿ ಮದುವೆ ಆಪಲೆ ಎನಗೆ ನಾಚಿಕೆ ಆಗ್ತು" ಅಂದಳು. ಆಗ ನಿನ್ನ ಮುಖ ನೋಡಬೇಕಿತ್ತು. ಕುಂಬಳಕಾಯಿ ಕಳ್ಳ ಎಂದರೆ ನೀನು ಹೆಗಲು ಮುಟ್ಟಿಕೊಳ್ಳಲಿಲ್ಲ, ಸೆರಗನ್ನೇ ಹೊದ್ದುಕೊಂಡೆ.

ಅದಾದ ಮೇಲೆ ನಾನು ದೇವರ ಮುಂದಿನ ಸೂಜಿ ತಂದು ನಿನ್ನ ಕೈಗೆ ಕೊಟ್ಟೆ. ಎಡಗಡೆಯ ಗಿಣಿಗೆ ಕಣ್ಣಿಲ್ಲ, ಮುತ್ತೈದೆ ನೀನೇ ಹಾಕು ಎಂದೆ. ಹೊಸ ಗಿಣಿಜೋಡಿಯ ಪಕ್ಕದಲ್ಲಿ ನಿನ್ನ ಫ್ರೇಮು. ಎಂಟು ಜನ ಸುತ್ತ ಕೂತಿದ್ದರು. ನೀನು ಎಲ್ಲಿ ಸೂಜಿ ಚುಚ್ಚಬೇಕೆಂದು ಗೊತ್ತಾಗದೆ ಬಟ್ಟೆಯನ್ನು ಮೂರು ಸಲ ತಿರುಗಿಸಿದೆ. ಬೆರಳಿಗೆ ಚುಚ್ಚಿಕೊಂಡೆ. ಕೊನೆಗೆ ಕಣ್ಣಿನ ಜಾಗ ಬಿಟ್ಟು ಕೊಕ್ಕಿನ ಮೇಲೆ ಒಂದು ಹೊಲಿಗೆ ಹಾಕಿದೆ, ರಕ್ತದ ಚುಕ್ಕೆಯ ಸಮೇತ.

ಗುರುತು ಹಿಡಿದದ್ದು ನಾನಲ್ಲ, ನಿನ್ನ ಮೊಮ್ಮಗನೇ. ಕನ್ನಡಕ ಏರಿಸಿಕೊಂಡು, "ಅಜ್ಜಿ, ಇಲ್ಲಿ ನೋಡು. ಎರಡರಲ್ಲೂ ಮೇಲಿನ ಎಳೆ ಎಡಕ್ಕೇ ವಾಲಿದ್ದು. ನೀನು ಈಗ ಹಾಕಿದ್ದು ಬಲಕ್ಕೆ ವಾಲಿದ್ದು. ಎಂತಕ್ಕೆ ಹಾಂಗೆ?" ಎಂದು ಕೇಳಿದ. ಪಾಪದ ಹುಡುಗ, ನಿಜವಾಗಿ ತಿಳಿಯದೆ ಕೇಳಿದ. ನಾನು ನಿನ್ನ ಕೈಯಿಂದ ಬಟ್ಟೆ ತೆಗೆದುಕೊಂಡೆ. ಎಡಗೈಯಲ್ಲಿ ಸೂಜಿ ಹಿಡಿದು ಗಿಣಿಯ ಕಣ್ಣು ಹಾಕಿ ಮುಗಿಸಿದೆ. ಎಲ್ಲರೂ ನನ್ನ ಕೈಯನ್ನೇ ನೋಡಿದರು. ನಿಮ್ಮನೆಯವರು ಮಾತ್ರ ಎದ್ದು, "ಬಸ್ಸಿಗೆ ಹೊತ್ತಾತು, ಹೊರಡನ" ಅಂದರು.

ಈಗ ನನ್ನ ಷರತ್ತು ಕೇಳು. ವಿಘ್ನೇಶ್ವರನೂ ವಾಗ್ದೇವಿಯೂ ಒಪ್ಪಿಕೊಂಡಿದ್ದಾರೆ. ಆಗಲೇ ಅವನಿಂದ ಅವಳಿಗೆ ಎರಡು ಕಾಗದ ಬಂದಿವೆ. ಆದರೆ ನನ್ನ ಮಗ ನನ್ನ ಮಾತು ಮೀರುವವನಲ್ಲ. "ಈ ಗಿಣಿಜೋಡಿ ಸತ್ಯಭಾಮೆಯದು, ನಾನು ಕದ್ದದ್ದು" ಎಂದು ನಿನ್ನ ಆ ದುಂಡು ಅಕ್ಷರದಲ್ಲಿ ಬರೆದುಕೊಡು. ಫ್ರೇಮು ವಾಪಸು ಕಳಿಸು. ಎರಡೂ ನನ್ನ ಕೈಗೆ ಬರದೆ ಲಗ್ನಪತ್ರಿಕೆ ಇಲ್ಲ. ಒಮ್ಮೆ ನೀನು ನನ್ನ ಮದುವೆ ತಪ್ಪಿಸಿದೆ. ನಿನ್ನ ಮೊಮ್ಮಗನ ಮದುವೆ ತಪ್ಪಿಸಲು ನನಗೇನೂ ಹಿಂಜರಿಕೆಯಿಲ್ಲ.

ಸತ್ಯಭಾಮಾ


ತೀರ್ಥಹಳ್ಳಿ
12-11-1966

ಸತ್ಯಭಾಮಾ,

ವಿಘ್ನೇಶ್ವರನ ಕೈಯಲ್ಲಿ ಫ್ರೇಮು ಕಳಿಸುತ್ತಿದ್ದೇನೆ. ನೀನು ಕೇಳಿದ ಸಾಲನ್ನು ಬೇರೆ ಕಾಗದದಲ್ಲಿ ಬರೆದು ಅದರ ಹಿಂದೆ ಅಂಟಿಸಿದ್ದೇನೆ. ಆ ಹುಡುಗನಿಗೆ ನಿನ್ನ ವಾಗ್ದೇವಿಯೇ ಬೇಕಂತೆ. "ಸುಳ್ಳು ಹೇಳದ ಹೆಣ್ಣು ಎನಗೆ ಮತ್ತೆ ಸಿಕ್ತಿಲ್ಲೆ" ಅಂದ, ನನ್ನ ಮುಖ ನೋಡಿಕೊಂಡೇ.

ಈಗ ನನ್ನದೂ ಒಂದು ಮಾತಿದೆ. ನೀನು ಎಲ್ಲರೆದುರು ಬಯಲು ಮಾಡಿದೆ ಎಂದುಕೊಂಡಿದ್ದೀಯ. ಗೊತ್ತಾಗಬೇಕಾದವರಿಗೆ ಗೊತ್ತಾಗಿ ನಲವತ್ನಾಲ್ಕು ವರ್ಷವಾಯಿತು.

ಮದುವೆಯಾದ ಮೊದಲ ದಸರೆಗೆ ಅತ್ತೆ ಉಲ್ಲನ್ ತರಿಸಿ, ಇನ್ನೊಂದು ಜೋಡಿ ಹೊಲಿ ಎಂದರು. ನಾನು ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಅಳುತ್ತ ಕೂತಿದ್ದೆ. ನಮ್ಮನೆಯವರು ಬಂದು ನೋಡಿದರು. "ಹಾಂಗಾರೆ ಅದು ಯಾರ ಕೆಲಸ?" ಎಂದು ಕೇಳಿದರು. ನಿನ್ನ ಹೆಸರು ಹೇಳಿದೆ. ಒಂದು ಬೈಗುಳವಿಲ್ಲ, ತಾಯಿಗೂ ಹೇಳಲಿಲ್ಲ. ಮರುವಾರ ಶಿವಮೊಗ್ಗೆಗೆ ಹೋಗಿ ಅದಕ್ಕೆ ಗಾಜು ಹಾಕಿಸಿ ತಂದು, ತಾವೇ ಮೊಳೆ ಹೊಡೆದು ತೂಗುಹಾಕಿದರು.

ಅದನ್ನು ನಾನು ಮೆರೆಸುತ್ತಿದ್ದೇನೆ ಎಂದು ನೀನು ತಿಳಿದಿದ್ದೆ, ಅಲ್ಲವೆ? ನಾನು ಅದನ್ನು ಒಂದು ದಿನವೂ ಮುಟ್ಟಿಲ್ಲ. ಪ್ರತಿ ವಿಜಯದಶಮಿಗೆ ಅವರೇ ಇಳಿಸಿ, ಧೋತ್ರದ ಚುಂಗಿನಿಂದ ಗಾಜು ಒರೆಸಿ, ಮತ್ತೆ ಹಾಕುತ್ತಾರೆ. ಬಂದವರು ಹೊಗಳಿದರೆ, "ಹೌದು, ಕೈ ಒಳ್ಳೇದು" ಅನ್ನುತ್ತಾರೆ. ಇವಳ ಕೈ ಎಂದು ಒಂದೇ ಒಂದು ಸಲವೂ ಅಂದಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಪ್ರತಿ ಸಲ ಕಾದಿದ್ದೇನೆ. ಅಂದಿಲ್ಲ. ನಾಲ್ಕು ಮಕ್ಕಳನ್ನು ಹೆತ್ತೆ, ಹಾಸಿಗೆ ಹಿಡಿದ ಅವರ ತಾಯಿಯ ಹೊಲಸು ಬಳಿದೆ. ಆದರೂ ಆ ಕೋಣೆಗೆ ಹೋದಾಗಲೆಲ್ಲ ಅಲ್ಲಿ ನೀನು ಇರುತ್ತಿದ್ದೆ. ನಿನ್ನನ್ನು ವಿಧವೆ ಎಂದು ಚುಚ್ಚಿ ಬರೆದದ್ದು ಅದೇ ಉರಿಯಲ್ಲಿ.

ಈಗ ಗೋಡೆಯಲ್ಲಿ ಫ್ರೇಮು ಇದ್ದ ಜಾಗ ಚೌಕವಾಗಿ ಬಿಳಿಚಿಕೊಂಡಿದೆ. ಅವರು ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತಾರೆ. ನೀನು ಗೆದ್ದಿದ್ದೀಯ. ಜೋಗದಲ್ಲಿ ಅವರು ಏನು ಹೇಳಿದರು, ಅದೊಂದು ಹೇಳಿಬಿಡು. ನಾನು ಅವರನ್ನು ಕೇಳಲಾರೆ.

ಕಾಮಾಕ್ಷಿ


ಸಾಗರ
14-11-1966

ಕಾಮಾಕ್ಷಿ,

ಇದೂ ಅಂಚೆಗೆ ಹೋಗುವ ಕಾಗದವಲ್ಲ.

ನಿನ್ನ ಕಾಗದ ಓದಿ ಮೊದಲು ನಕ್ಕೆ. ಬಾಯಿ ಮುಚ್ಚಿಕೊಂಡು ನಕ್ಕೆ. ನಾನು ಹೊಸನಗರದ ಶಾಲೆಯಲ್ಲಿ ಪರರ ಮಕ್ಕಳಿಗೆ ಕಾಜಾ ಹೊಲಿಯುವುದು ಕಲಿಸುತ್ತಿದ್ದಾಗ ನನ್ನ ಕೈ ನಿನ್ನ ಮನೆಯಲ್ಲಿ ಕೂತು ದಿನವೂ ನಿನ್ನನ್ನು ಚುಚ್ಚುತ್ತಿತ್ತು. ಇದು ಮೊದಲೇ ಗೊತ್ತಿದ್ದರೆ ಆ ವರ್ಷಗಳು ಎಷ್ಟು ಹಗುರಾಗುತ್ತಿದ್ದವು! ಆಮೇಲೆ ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ. ಗಾಜು ಎಷ್ಟು ಸ್ವಚ್ಛವಾಗಿದೆ. ನನ್ನ ಬದುಕಿನಲ್ಲಿ ನನ್ನ ಯಾವ ವಸ್ತುವನ್ನೂ ಯಾರೂ ಹೀಗೆ ಒರೆಸಿ ಇಡಲಿಲ್ಲ.

ವಾಗ್ದೇವಿ ನನ್ನ ಹತ್ತಿರ ವಾರದಿಂದ ಸರಿಯಾಗಿ ಮಾತಾಡುತ್ತಿಲ್ಲ. "ಎನ್ನ ಮದುವೆ ನಿನ್ನ ಸೂಜಿಗೆ ದಾರ ಆತಲ ಅಜ್ಜಿ" ಅಂದಳು. ಮಾತು ನಿಜ. ಅವಳ ಮದುವೆ ನಿಲ್ಲಿಸುತ್ತಿದ್ದೆನೆ? ನಿಲ್ಲಿಸುತ್ತಿದ್ದೆ ಎಂದೇ ತೋರುತ್ತದೆ. ಅದಕ್ಕೆ ನನಗೆ ನನ್ನ ಮೇಲೆಯೇ ಹೆದರಿಕೆಯಾಗಿದೆ. ಲಗ್ನ ನಿಶ್ಚಯಿಸಲು ಮಗನಿಗೆ ಬೆಳಿಗ್ಗೆಯೇ ಹೇಳಿದ್ದೇನೆ.

ಜೋಗದಲ್ಲಿ ಅವರು ಹೇಳಿದ್ದು ಇಷ್ಟು: "ಡ್ಯಾಮ್ ಆದ್ಮೇಲೆ ನೀರು ಕಮ್ಮಿ ಆಯ್ದು, ಅಲ್ದಾ?" ನಾನು ಹ್ಞೂ ಅಂದೆ. ಅಷ್ಟೇ. ನಲವತ್ನಾಲ್ಕು ವರ್ಷದಲ್ಲಿ ಅವರು ನನ್ನೊಡನೆ ಆಡಿದ್ದು ಅದೊಂದೇ ಮಾತು.

ಇದನ್ನು ತಿಳಿದರೆ ನಿನಗೆ ನೆಮ್ಮದಿಯಾಗುತ್ತದೆ. ಅದಕ್ಕೇ ನಿನಗೆ ತಿಳಿಸುವುದಿಲ್ಲ.


ಸಾಗರ
15-11-1966

ಸೌಭಾಗ್ಯವತಿ ಕಾಮಾಕ್ಷಮ್ಮನಿಗೆ,

ವಿಘ್ನೇಶ್ವರ ಎರಡು ದಿನ ಇದ್ದು ಇವತ್ತು ಹೊರಟಿದ್ದಾನೆ. ಮದುವೆಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಮಾಘದಲ್ಲಿ ಒಳ್ಳೆಯ ಮುಹೂರ್ತವಿದೆಯಂತೆ.

ನೀನು ಬರೆದುಕೊಟ್ಟ ಸಾಲನ್ನು ಬಿಡಿಸಿ ಇಟ್ಟುಕೊಂಡಿದ್ದೇನೆ. ಫ್ರೇಮು ಮಾತ್ರ ಅವನ ಕೈಯಲ್ಲಿ ವಾಪಸು ಬರುತ್ತಿದೆ. ಅದು ನನಗೆ ಬೇಡ. ಇದ್ದಲ್ಲೇ ಹಾಕು, ಅದೇ ಮೊಳೆಗೆ. ನಿಮ್ಮನೆಯವರಿಗೆ ಈಗ ವಯಸ್ಸಾಯಿತು, ಇಳಿಸಿ ಏರಿಸುವುದು ಕಷ್ಟ. ಇನ್ನು ಮುಂದೆ ಗಾಜನ್ನು ನೀನೇ ಒರೆಸು. ವರ್ಷಕ್ಕೊಮ್ಮೆ ಸಾಲದು, ದಿನವೂ ಒರೆಸು. ವಾಗ್ದೇವಿ ಆ ಮನೆಗೆ ಬಂದ ಮೇಲೆ, ಯಾರ ಕೆಲಸ ಎಂದು ಕೇಳಿದವರಿಗೆ ಅವಳೇ ಉತ್ತರ ಹೇಳುತ್ತಾಳೆ. ನಿನಗೆ ಆ ತೊಂದರೆ ಇಲ್ಲ.

ಜೋಗದಲ್ಲಿ ಅವರು ಏನೆಂದರು ಎಂದು ಕೇಳಿದ್ದೀಯ. ಅದು ನಮ್ಮಿಬ್ಬರ ಮಾತು.

ಹೊಸ ಗಿಣಿಜೋಡಿಗೂ ಗಾಜು ಹಾಕಿಸಿದ್ದೇನೆ. ಅದನ್ನೂ ಕಳಿಸುತ್ತಿದ್ದೇನೆ, ಹಳೆಯದರ ಪಕ್ಕದಲ್ಲಿ ಹಾಕು. ಕೊಕ್ಕಿನ ಮೇಲಿನ ಆ ಹೊಲಿಗೆಯನ್ನು ನಾನು ಬಿಚ್ಚಲಿಲ್ಲ, ರಕ್ತದ ಕಲೆಯನ್ನೂ ತೊಳೆಯಲಿಲ್ಲ. ಇನ್ನು ಮೇಲೆ ಬಂದವರಿಗೆಲ್ಲ ಅದನ್ನು ನೀನು ನಿನ್ನ ಕೈಕೆಲಸ ಎಂದು ಧಾರಾಳವಾಗಿ ತೋರಿಸಬಹುದು.

ಸತ್ಯಭಾಮಾ